ಮೌಗ್ಲಿಯ ಕಥೆಗೆ ನಮ್ಮ ಸೀಮೆಯ ನಗೆ

ಬಾಲ್ಯದಲ್ಲಿ ನೋಡಿದ ಕಾರ್ಟೂನ್ ಚಿತ್ರಮಾಲೆಯನ್ನು ಪ್ರೌಢರಾದ ಮೇಲೆ ಮತ್ತೆ ಕಂತುಕಂತಾಗಿ ನೋಡಿ, ಅದರ ಕಥೆಯನ್ನು ಹಾಸ್ಯದೊಡನೆ ಪುನಃ ನಿರೂಪಿಸಿ, ಧ್ವನಿಮುದ್ರಿಸಿ ಲೋಕಕ್ಕೆ ಕೇಳಿಸುವ ಒಂದು ಪದ್ಧತಿಯು ಈಚೆಗೆ ಬೆಳೆದಿರುವುದು ವಾಚಕರಿಗೆ ತಿಳಿದಿರಬಹುದು. ಪಾಡ್‌ಕಾಸ್ಟ್ ಎಂದು ಕರೆಯುವ ಈ ಶ್ರಾವ್ಯಮಾಲೆಗಳು ಇಂಗ್ಲಿಷಿನಲ್ಲಿ ಹೇರಳವಾಗಿವೆ. ಇಬ್ಬರೋ ಮೂವರೋ ಸ್ನೇಹಿತರು ಕುಳಿತು, ಒಬ್ಬನು ಕಥೆ ಹೇಳುವುದು, ಮತ್ತೊಬ್ಬನು ಅಡ್ಡಪ್ರಶ್ನೆ ಹಾಕುವುದು, ಎಲ್ಲರೂ ನಗುವುದು. ಇಷ್ಟೇ ಅದರ ಸ್ವರೂಪ. ಇದು ನಿರುದ್ಯೋಗಿಗಳ ಕಾಲಹರಣವೆಂದು ಉಪಾಧ್ಯಾಯರೂ ಅಧಿಕಾರಿಗಳೂ ಆಕ್ಷೇಪಿಸಬಹುದು. ನಮ್ಮ ಅಭಿಪ್ರಾಯವು ಬೇರೆ. ಚಾಮರಾಜನಗರ, ಗುಂಡ್ಲುಪೇಟೆಗಳ ತರುಣರು ಈ ಕಾರ್ಯವನ್ನು ಕನ್ನಡದಲ್ಲಿ ಕೈಗೊಳ್ಳುವುದು ಉಚಿತವೂ ಅವಶ್ಯವೂ ಆಗಿದೆ.

ಒಂದೇ ಉದಾಹರಣೆಯನ್ನು ತೆಗೆದುಕೊಳ್ಳೋಣ. ರಡ್ಯಾರ್ಡ್ ಕಿಪ್ಲಿಂಗನು 1894ರಲ್ಲಿ ಪ್ರಕಟಿಸಿದ ‘ಜಂಗಲ್ ಬುಕ್’ ಕಥೆಗಳನ್ನು ಆಧರಿಸಿ, ಜಪಾನಿನ ನಿಪ್ಪಾನ್ ಆನಿಮೇಷನ್ ಸಂಸ್ಥೆಯು 1989ರಲ್ಲಿ 52 ಕಂತುಗಳ ಚಿತ್ರಮಾಲೆಯೊಂದನ್ನು ಆರಂಭಿಸಿತು. 1993ರಲ್ಲಿ ದೂರದರ್ಶನವು ಅದನ್ನು ಹಿಂದಿಯಲ್ಲಿ, ಭಾನುವಾರದ ಬೆಳಗ್ಗೆ ದೇಶಕ್ಕೆಲ್ಲ ತೋರಿಸಿತು. ಗುಲ್ಜಾರರ ಗೀತೆ, ವಿಶಾಲ್ ಭಾರದ್ವಾಜರ ಸಂಗೀತ, ಹುಲಿ ಶೇರ್ ಖಾನನಿಗೆ ನಾನಾ ಪಾಟೇಕರರ ಕಂಠ. ಮಕ್ಕಳು ಮುಗ್ಧರಾದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಬಂಡೀಪುರವು ಗುಂಡ್ಲುಪೇಟೆ ತಾಲ್ಲೂಕಿನಲ್ಲಿದೆ. 1973ರಲ್ಲಿ ಹುಲಿ ಯೋಜನೆಗೆ ಮೊದಲು ಆರಿಸಿದ ಒಂಬತ್ತು ಅರಣ್ಯಗಳಲ್ಲಿ ಅದೂ ಒಂದು. ಹುಲಿ ಕರಡಿಗಳ ನೆರೆಯಲ್ಲಿಯೇ ಬೆಳೆದ ಈ ತಾಲ್ಲೂಕಿನ ಮಕ್ಕಳಿಗೆ ಕಾಡಿನ ಕಥೆಯು ಆಂಗ್ಲ ಲೇಖಕನಿಂದ ಹೊರಟು, ಜಪಾನಿನಲ್ಲಿ ಚಿತ್ರವಾಗಿ, ಹಿಂದಿಯ ಮಾತಿನಲ್ಲಿ ಬಂದು ತಲಪಿತು. ಇಷ್ಟು ದೂರ ಸಂಚರಿಸಿದ ಹುಲಿಗೆ ಕನ್ನಡದಲ್ಲಿ ಮಾತ್ರ ಬಾಯಿರಲಿಲ್ಲ. ಹಿಂದಿ ತಿಳಿಯದ ಮಗುವು ಕಥೆಯ ಅರ್ಧವನ್ನು ಊಹಿಸಿಕೊಂಡೇ ತೃಪ್ತಿಪಡಬೇಕಾಯಿತು.

ಇದಕ್ಕೆ ಕಾರಣವುಂಟು. 1960ರ ದಶಕದಲ್ಲಿ ಅ.ನ.ಕೃ. ಮೊದಲಾದವರ ಮುಂದಾಳ್ತನದಲ್ಲಿ, ಅನ್ಯಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಜೋಡಿಸುವ ಡಬ್ಬಿಂಗ್ ಪದ್ಧತಿಯ ವಿರುದ್ಧ ಚಳವಳಿಯು ನಡೆಯಿತು. ಚಾಮರಾಜನಗರದ ಗಡಿಗೆ ಹೊಂದಿಕೊಂಡು, ಈಗ ತಮಿಳುನಾಡಿಗೆ ಸೇರಿರುವ ತಾಳವಾಡಿ ಸೀಮೆಯ ಗಾಜನೂರಿನವರಾದ ಡಾ. ರಾಜ್‌ಕುಮಾರರೂ ಅದಕ್ಕೆ ಬೆಂಬಲವಾಗಿ ನಿಂತರು. ಮದರಾಸನ್ನು ಆಶ್ರಯಿಸಿದ್ದ ಅಂದಿನ ಕನ್ನಡ ಚಿತ್ರೋದ್ಯಮವು ಎಳೆಯ ಸಸಿಯಾಗಿತ್ತು. ಅದಕ್ಕೆ ಬೇಲಿಯು ಬೇಕಾಗಿತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಸಿಯು ಮರವಾದ ಮೇಲೂ ಬೇಲಿಯು ಉಳಿಯಿತು. ನೆರಳಿಗೆ ಬಂದ ಮಕ್ಕಳೂ ಹೊರಗೆ ನಿಂತರು. ಮಕ್ಕಳಿಗಾಗಿ ಚಿಂಟು ಟಿವಿ ಎಂಬ ಕನ್ನಡ ವಾಹಿನಿಯು ಬಂದದ್ದು 2009ರಲ್ಲಿ. ಡಬ್ಬಿಂಗ್ ಚಿತ್ರಗಳಿಗೆ ಅಡ್ಡಿಮಾಡುವುದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗವು ಆಜ್ಞೆ ಮಾಡಿದ್ದು 2015ರಲ್ಲಿ. ಮೌಗ್ಲಿಯನ್ನು ನೋಡಿದ ಹತ್ತು ವರ್ಷದ ಬಾಲಕನು ಅಷ್ಟು ಹೊತ್ತಿಗೆ ಮೂವತ್ತೆರಡರ ಗೃಹಸ್ಥನಾಗಿದ್ದನು!

ಕಳೆದ ಬಾಲ್ಯವನ್ನು ಯಾವ ಆಯೋಗವೂ ಹಿಂದಕ್ಕೆ ಕೊಡಲಾರದು. ಆದರೆ ಅದನ್ನು ಸ್ವಂತ ಭಾಷೆಯಲ್ಲಿ ಮತ್ತೊಮ್ಮೆ ಹೇಳಿಕೊಳ್ಳುವುದು ಸಾಧ್ಯ. ಹಾಗೆ ಹೇಳುವ ವಿದ್ಯೆಯು ಈ ಸೀಮೆಗೆ ಹೊಸದೂ ಅಲ್ಲ. ಮಲೆಯ ಮಹದೇಶ್ವರನ ಕಥೆಯನ್ನು ದೇವರಗುಡ್ಡರು ಕಂಸಾಳೆ ಹಿಡಿದು ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂದು ಸಾಲುಸಾಲಾಗಿ ಹಾಡುತ್ತಾರಷ್ಟೆ? ಒಂದೊಂದು ಸಾಲೂ ಒಂದೊಂದು ಕಂತು. ನೀಲಗಾರರು ಮಂಟೇಸ್ವಾಮಿಯ ಕಥೆಯನ್ನು ಹೇಳುವಾಗಲೂ ಹಾಡಿನ ನಡುವೆ ಮಾತು, ಮಾತಿನ ನಡುವೆ ನಗೆ, ಅದಕ್ಕೆ ಹಿಮ್ಮೇಳದವರ ದನಿ. ಕೇಳುವವರಿಗೆ ಕಥೆಯು ಮೊದಲೇ ಗೊತ್ತು. ಆದರೂ ಹೇಳುವವನ ಸೊಗಸಿಗಾಗಿ ರಾತ್ರಿಯೆಲ್ಲ ಕೂರುತ್ತಾರೆ. ಪಾಡ್‌ಕಾಸ್ಟಿನ ಜೀವಾಳವೂ ಇದೇ. 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಖಾಸಗಿಯಾಗಿ ಆಕಾಶವಾಣಿಯನ್ನು ಸ್ಥಾಪಿಸಿದಾಗ ಯಂತ್ರವೇ ದೊಡ್ಡ ಸಾಹಸವಾಗಿತ್ತು. ಇಂದು ಯಂತ್ರವು ಎಲ್ಲರ ಜೇಬಿನಲ್ಲಿದೆ, ಬೇಕಾದದ್ದು ಬಾಯಿ.

ನಗೆಗೆ ಸಾಮಗ್ರಿಯೂ ಕಡಮೆಯಿಲ್ಲ. ಕಿಪ್ಲಿಂಗನ ಕಥೆಯಲ್ಲಿ ಕರಡಿಯು ಮರಿಗಳಿಗೆ ಕಾಡಿನ ಕಾನೂನನ್ನು ಬೋಧಿಸುವ ಗುರು. ಮುಂಜಾವದಲ್ಲಿ ಹೊಲದ ಬದುವಿನ ಮೇಲೆ ಕರಡಿಯನ್ನು ಎದುರುಗೊಂಡ ರೈತನು ಆ ಪಾಠಶಾಲೆಯ ವಿಷಯದಲ್ಲಿ ಏನೆನ್ನುವನು? ಇನ್ನೊಂದು ಸಂಗತಿ: 1895ರ ಎರಡನೆಯ ಪುಸ್ತಕದಲ್ಲಿ ಮೌಗ್ಲಿಯ ತೋಳಗಳ ಮೇಲೆ ದಂಡೆತ್ತಿ ಬರುವ ಭಯಂಕರ ಕೆಂಪು ನಾಯಿಗಳು ದಖನ್ನಿನವು, ಅಂದರೆ ನಮ್ಮ ಕಡೆಯ ಸೀಳುನಾಯಿಗಳು. ಅವನ್ನು ಕಥೆಗಾರನು ಖಳರನ್ನಾಗಿ ಮಾಡಿದನು. 1970ರ ದಶಕದಲ್ಲಿ ಡಾ. ಎ. ಜೆ. ಟಿ. ಜಾನ್‌ಸಿಂಗರು ಬಂಡೀಪುರದಲ್ಲಿಯೇ ಅವುಗಳ ಜೀವನವನ್ನು ಅಭ್ಯಾಸಮಾಡಿ, ಕೂಡಿ ಬೇಟೆಯಾಡಿ, ಕೂಡಿ ಮರಿಗಳನ್ನು ಸಾಕುವ ಅವುಗಳ ಸಂಸಾರವನ್ನು ಲೋಕಕ್ಕೆ ತಿಳಿಸಿದರು. ಸೀಳುನಾಯಿಗಳ ಪರವಾಗಿ ವಕಾಲತ್ತು ವಹಿಸುವ ಹಕ್ಕು ಗುಂಡ್ಲುಪೇಟೆಯ ವಿನೋದಗಾರನಿಗಲ್ಲದೆ ಬೇರೆ ಯಾರಿಗುಂಟು?

ಆದರೆ ಎರಡು ಮಾತುಗಳನ್ನು ಹೇಳದಿರಲಾರೆವು. ಮೊದಲನೆಯದು, ಹಾಸ್ಯವು ಚಿತ್ರದ ಕೊರತೆಯನ್ನು ಕುರಿತಿರಲಿ. ಅದನ್ನು ನಂಬಿ ನೋಡಿದ ಮಗುವನ್ನು ಕುರಿತು ಬೇಡ. ಎರಡನೆಯದು, ಭಾಷೆಯು ಚಾಮರಾಜನಗರದ ಸಂತೆಯಲ್ಲಿ ಆಡುವ ಭಾಷೆಯಾಗಿರಲಿ; ಅರ್ಧ ಇಂಗ್ಲಿಷಿನ ಕಲಬೆರಕೆ ಬೇಡ. ಆಡುಮಾತಿನಿಂದ ಘನತೆಯು ಕುಂದುವುದೆಂದು ಅಂಜುವವರು ಜಿ. ಪಿ. ರಾಜರತ್ನಂ ಅವರನ್ನು ಸ್ಮರಿಸಬೇಕು. ಮಕ್ಕಳಿಗೆ ಪದ್ಯಗಳನ್ನು ಬರೆದ ಲೇಖನಿಯೇ ‘ರತ್ನನ ಪದಗಳು’ ಕೃತಿಯಲ್ಲಿ ಕುಡುಕನ ಒರಟು ಮಾತನ್ನು ಸಾಹಿತ್ಯವನ್ನಾಗಿ ಮಾಡಿತು.

ದೊಡ್ಡವರು ನಕ್ಕ ಮಾತ್ರಕ್ಕೆ ಚಿಕ್ಕವರ ಸಾಲವು ತೀರುವುದಿಲ್ಲವೆಂಬುದನ್ನೂ ನಾವು ಮರೆಯಬಾರದು. ಇಂದಿನ ಮಗುವಿಗೆ ಇಂದೇ, ಅದರ ಭಾಷೆಯಲ್ಲಿಯೇ ಒಳ್ಳೆಯ ಚಿತ್ರಗಳು ದೊರೆಯಬೇಕು. ತಮಗೆ ಏನು ತಪ್ಪಿಹೋಯಿತೆಂಬುದನ್ನು ನಗುತ್ತ ಹೇಳಬಲ್ಲ ತಂದೆತಾಯಿಗಳೇ ಅದನ್ನು ತಮ್ಮ ಮಕ್ಕಳಿಗಾಗಿ ಬಿಗಿಯಾಗಿ ಕೇಳಬಲ್ಲರು. ಆದುದರಿಂದ ಚಾಮರಾಜನಗರದ ತರುಣರು ಮೊದಲನೆಯ ಸಾಲನ್ನು ಆರಂಭಿಸಲಿ. ಹಿಮ್ಮೇಳಕ್ಕೆ ಜನರು ತಾವಾಗಿ ಬರುವರು.