ಶಾಲೆಯ ಮಕ್ಕಳು ಮತ್ತು ಜನಗಣತಿಯ ಭೂಪಟ

2001ರಲ್ಲಿ ಕರ್ನಾಟಕದ ಜನಸಂಖ್ಯೆ ಸುಮಾರು 5.29 ಕೋಟಿ, 2011ರಲ್ಲಿ 6.11 ಕೋಟಿ. ಜನರು ಹೆಚ್ಚಿದಂತೆ ಮಕ್ಕಳೂ ಹೆಚ್ಚಿರಬೇಕೆಂದು ನಾವು ಊಹಿಸುವುದು ಸಹಜ. ಆದರೆ ಏಳು ವರ್ಷ ತುಂಬದ ಮಕ್ಕಳು ಎರಡು ಗಣತಿಗಳಲ್ಲಿಯೂ ಸುಮಾರು 72 ಲಕ್ಷವೇ! ಜನನ ಪ್ರಮಾಣವು ಇಳಿದುದೇ ಇದಕ್ಕೆ ಮುಖ್ಯ ಕಾರಣ. ಗಣತಿಯಲ್ಲಿ ಎಣಿಸಿದ ಕೂಸೇ ಕೆಲವು ವರ್ಷಗಳ ಮೇಲೆ ಶಾಲೆಯ ಬಾಗಿಲಿಗೆ ಬರುವುದರಿಂದ, ಈ ಅಂಕಿಗಳನ್ನು ಜಿಲ್ಲೆವಾರು ಭೂಪಟದಲ್ಲಿ ಬಣ್ಣಗಳಿಂದ ಗುರುತಿಸಿದರೆ ಎಲ್ಲಿ ಹೊಸ ಕೊಠಡಿಗಳು ಬೇಕಾಗುವುವೆಂದು ಮೊದಲೇ ತಿಳಿಯಬಹುದು.

ಎರಡು ಗಣತಿಗಳ ಪಟಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ. ಕೋಲಾರ ಜಿಲ್ಲೆಯಲ್ಲಿ ಮಕ್ಕಳ ಸಂಖ್ಯೆ ಹತ್ತೇ ವರ್ಷಗಳಲ್ಲಿ ಕುಸಿದುಬಿದ್ದಂತೆ ತೋರುತ್ತದೆ. ಬರಗಾಲವೆ? ವಲಸೆಯೆ? 2007ರಲ್ಲಿ ಚಿಕ್ಕಬಳ್ಳಾಪುರವು ಕೋಲಾರದಿಂದ ಬೇರೆ ಜಿಲ್ಲೆಯಾಯಿತಷ್ಟೆ. ಮಕ್ಕಳು ತಮ್ಮ ಊರುಗಳಲ್ಲಿಯೇ ಇದ್ದರು, ಚಲಿಸಿದುದು ಗಡಿರೇಖೆ. ರಾಮನಗರ, ಯಾದಗಿರಿಗಳೂ ಹೀಗೆಯೇ ಬೇರ್ಪಟ್ಟು, ಎರಡು ಗಣತಿಗಳ ನಡುವೆ 27 ಜಿಲ್ಲೆಗಳು 30 ಆದುವು. ಇಂತಹ ಪಟವನ್ನು ನಂಬಿ ಯಾರಾದರೂ ಒಂದು ಶಾಲೆಯನ್ನು ಮುಚ್ಚಿದರೆ ಅದು ಅನ್ಯಾಯವೇ ಸರಿ. ನೆಲೆಯೇ ಕದಲುತ್ತಿರುವಾಗ ಚಲನೆಯನ್ನು ಅಳೆಯಲಾಗದೆಂಬುದು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಹೊಸತಲ್ಲ. ಆದುದರಿಂದ 2011ರ ತಾಲ್ಲೂಕುಗಳ ಅಂಕಿಗಳನ್ನು ಕೂಡಿಸಿ ಹಳೆಯ ಕೋಲಾರವನ್ನು ಮತ್ತೆ ಕಟ್ಟಿಕೊಂಡು, ಅನಂತರವೇ 2001ರೊಡನೆ ಹೋಲಿಸಬೇಕು. ಆಗ ಉಳಿಯುವ ವ್ಯತ್ಯಾಸವು ಜನನ, ಮರಣ, ವಲಸೆಗಳದು.