ಬೀಡಿ ಮುಟ್ಟದವರ ಕ್ಯಾನ್ಸರಿಗೆ ಗುರಿಯಿಟ್ಟ ಗುಳಿಗೆ

‘ಜನ್ಮದಲ್ಲಿ ಒಂದು ಬೀಡಿ ಮುಟ್ಟಿದವರಲ್ಲ, ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಹೇಗೆ ಬಂತು?’ ಚನ್ನಗಿರಿಯಲ್ಲಾಗಲಿ ಜಗಳೂರಿನಲ್ಲಾಗಲಿ, ಇಂಥ ಸುದ್ದಿ ಬಂದ ಮನೆಯವರು ಮೊದಲು ಕೇಳುವ ಪ್ರಶ್ನೆ ಇದೇ. ಈ ಕಾಯಿಲೆಗೆ ಹೊಗೆಸೊಪ್ಪೇ ಅತಿ ದೊಡ್ಡ ಕಾರಣ, ನಿಜ. ಆದರೆ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2012ರಲ್ಲಿ ಪ್ರಕಟಿಸಿದ ಅಧ್ಯಯನದ 489 ರೋಗಿಗಳಲ್ಲಿ ಶೇ 52 ಮಂದಿ ಧೂಮಪಾನ ಮಾಡದವರು!

ಇವರಲ್ಲಿ ಕಾರಣ ಒಂದೇ ಅಲ್ಲ. ಮನೆಯಲ್ಲಿ ಬೇರೆಯವರು ಸೇದಿ ಬಿಟ್ಟ ಹೊಗೆ, ಊರಿನ ಕೆಟ್ಟ ಗಾಳಿ ಎರಡೂ ಸೇರುತ್ತವೆ. ಮನೆಯೊಳಗಿನ ಸೌದೆ ಒಲೆಯ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದು ವರ್ಗೀಕರಿಸಿದೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ಕಡೆ ಒಲೆಯ ಮುಂದೆ ಕೂತ ತಾಯಂದಿರು, ಸುಗ್ಗಿಯಲ್ಲಿ ಅಡಿಕೆ ಬೇಯಿಸುವವರು ಎಷ್ಟು ಹೊಗೆ ಕುಡಿಯುತ್ತಾರೆಂಬುದು ನಮಗೆ ಗೊತ್ತಿದ್ದದ್ದೇ.

ಪಿಯುಸಿಯಲ್ಲಿ ಜೀವಶಾಸ್ತ್ರ ಓದುವ ಮಕ್ಕಳಿಗೆ ಮುಂದಿನ ಮಾತು ಬೇಗ ಹಿಡಿಸುತ್ತದೆ. ಜೀವಕೋಶದ ಹೊರಮೈಯಲ್ಲಿ ಇಜಿಎಫ್‌ಆರ್ ಎಂಬ ಪ್ರೋಟೀನ್ ಇದೆ. ‘ಬೆಳೆ’ ಎಂಬ ಸಂಕೇತ ಹೊರಗಿನಿಂದ ಬಂದಾಗ ಒಳಕ್ಕೆ ಮುಟ್ಟಿಸುವುದು ಅದರ ಕೆಲಸ. ಅದರ ವಂಶವಾಹಿಯಲ್ಲಿ ದೋಷವಾದರೆ, ಸ್ಟಾರ್ಟರ್ ಕೆಟ್ಟು ನಿಲ್ಲದೆ ಓಡುವ ಪಂಪ್‌ಸೆಟ್ಟಿನಂತೆ, ಸಂಕೇತವಿಲ್ಲದೆಯೂ ಕೋಶ ಬೆಳೆಯುತ್ತಲೇ ಹೋಗುತ್ತದೆ. ಈ ದೋಷ ಸಾಮಾನ್ಯವಾಗಿ ಗಡ್ಡೆಯಲ್ಲೇ ಹುಟ್ಟಿದ್ದು, ಹೆತ್ತವರಿಂದ ಬಂದದ್ದಲ್ಲ. ಅಮ್ಮನಿಗೆ ಬಂತು, ನನಗೂ ಬಂದೀತು ಎಂದು ಮಕ್ಕಳು ನಿದ್ದೆಗೆಡಬೇಕಿಲ್ಲ. ಅಡಿನೋಕಾರ್ಸಿನೋಮ ಎಂಬ ಬಗೆಯ ಶ್ವಾಸಕೋಶ ಕ್ಯಾನ್ಸರ್ ಇರುವ ಭಾರತೀಯರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಈ ದೋಷ ಕಾಣುತ್ತದೆ, ಧೂಮಪಾನ ಮಾಡದವರಲ್ಲಿ ಇನ್ನೂ ಹೆಚ್ಚು.

ಈ ಪ್ರೋಟೀನಿನ ಬಾಯಿ ಕಟ್ಟುವ ಗೆಫಿಟಿನಿಬ್ ಗುಳಿಗೆಗೆ 2002ರಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆಗ ವೈದ್ಯರಿಗೆ ಒಂದು ಒಗಟು: ಕೆಲವರಲ್ಲಿ ಗಡ್ಡೆ ಬೇಗನೆ ಕರಗುತ್ತಿತ್ತು, ಹಲವರಿಗೆ ಏನೂ ಆಗುತ್ತಿರಲಿಲ್ಲ. 2004ರಲ್ಲಿ ಬಾಸ್ಟನ್ನಿನ ವಿಜ್ಞಾನಿಗಳು ಒಗಟು ಬಿಡಿಸಿದರು. ಗುಳಿಗೆ ಕೇಳಿದವರ ಗಡ್ಡೆಯಲ್ಲಿ ಆ ದೋಷವಿತ್ತು!

ಆದ್ದರಿಂದ ಪರೀಕ್ಷೆಯೇ ಮೊದಲು, ಗುಳಿಗೆ ಆಮೇಲೆ. 2009ರ ಏಷ್ಯಾದ ಒಂದು ದೊಡ್ಡ ಅಧ್ಯಯನದಲ್ಲಿ ದೋಷವಿಲ್ಲದವರ ಕಾಯಿಲೆಯನ್ನು ಗೆಫಿಟಿನಿಬ್ ಹಿಡಿದಿಟ್ಟದ್ದು ಒಂದೂವರೆ ತಿಂಗಳು, ಕಿಮೋಥೆರಪಿ ಐದೂವರೆ ತಿಂಗಳು. ‘ಪಕ್ಕದೂರಿನವರಿಗೆ ಹಿಡಿಸಿದೆ, ನಮಗೂ ಬರೆದುಕೊಡಿ’ ಎನ್ನುವುದು ಎಷ್ಟು ಅಪಾಯವೆಂದು ಇದರಿಂದಲೇ ಊಹಿಸಬಹುದು. ದೋಷವಿದ್ದವರಲ್ಲಿ ಗುಳಿಗೆ ಜೊತೆ ಕಿಮೋಥೆರಪಿಯನ್ನೂ ಸೇರಿಸಿ ಟಾಟಾ ಆಸ್ಪತ್ರೆ 350 ರೋಗಿಗಳಲ್ಲಿ ನೋಡಿದಾಗ ಕಾಯಿಲೆ ಹತೋಟಿಯಲ್ಲಿದ್ದ ಅವಧಿ 8ರಿಂದ 16 ತಿಂಗಳಿಗೆ ಏರಿತು.

ಹರಡಿದ ಕ್ಯಾನ್ಸರನ್ನು ಇದು ಬುಡಸಮೇತ ಕೀಳುವುದಿಲ್ಲ, ಕಾಲ ಕಳೆದಂತೆ ಗಡ್ಡೆ ಔಷಧಕ್ಕೆ ಜಗ್ಗದಂತಾಗುತ್ತದೆ. ಆಗ ಒಸಿಮರ್ಟಿನಿಬ್ ಇದೆ, ಈಗ ಅನೇಕರಿಗೆ ಮೊದಲೇ ಅದನ್ನು ಕೊಡುವುದೂ ಉಂಟು. ಬೆಲೆ ಮಾತ್ರ ಭಾರ. 2024ರ ಕೇಂದ್ರ ಬಜೆಟ್ ಅದರ ಆಮದು ಸುಂಕ ತೆಗೆಯಿತು. ಮೈಮೇಲೆ ಗುಳ್ಳೆ, ಭೇದಿ ಸಾಮಾನ್ಯ ತೊಂದರೆಗಳು. ಹೊಸದಾಗಿ ಉಸಿರು ಕಟ್ಟಿದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಗೆಫಿಟಿನಿಬ್ ನುಂಗುವವರು ತಾವಾಗಿಯೇ ಗ್ಯಾಸಿನ ಮಾತ್ರೆ ತೆಗೆದುಕೊಂಡರೆ ಔಷಧ ಮೈಗೆ ಹತ್ತುವುದು ಕಡಿಮೆಯಾಗಬಹುದು.

ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಕಫದಲ್ಲಿ ಕ್ಷಯ ಕಾಣದೆ, ಎಕ್ಸ್‌ರೇಯಲ್ಲಿ ಕಲೆ ಇದ್ದರೆ, ಬರೀ ಅನುಮಾನದ ಮೇಲೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗುತ್ತ ಕೂರಬಾರದು, ಸಿ.ಟಿ. ಸ್ಕ್ಯಾನ್, ಬಯಾಪ್ಸಿ ಬಗ್ಗೆ ಕೇಳಬೇಕು. ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಯಾವ ಪರೀಕ್ಷೆ, ಯಾವ ಗುಳಿಗೆ ಅದರಲ್ಲಿ ಸೇರುತ್ತದೆಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ. ಬಯಾಪ್ಸಿಯ ಚೂರನ್ನು ಮೇಣದ ಬ್ಲಾಕಿನಲ್ಲಿ ಕಾಪಿಡುತ್ತಾರೆ. ದಾವಣಗೆರೆಯಲ್ಲಿ ಬಯಾಪ್ಸಿ ಮಾಡಿಸಿ ಬೆಂಗಳೂರಿನ ಕಿದ್ವಾಯಿಗೆ ಹೊರಡುವವರು ವರದಿಯ ಜೊತೆ ಆ ಬ್ಲಾಕನ್ನೂ ಕೇಳಿ ಪಡೆಯಿರಿ. ಅದರಲ್ಲಿ ಸಾಕಷ್ಟು ಗಡ್ಡೆಯ ಅಂಶ ಉಳಿದಿದ್ದರೆ ವಂಶವಾಹಿ ಪರೀಕ್ಷೆಗೆಂದು ಮತ್ತೊಮ್ಮೆ ಸೂಜಿ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ.