ಬೀಟಲ್ಸರ ಮೊದಲ ಹಾಡುಗಳು

ದೊಡ್ಡ ಕವಿಯ ಮೊದಲ ಕವನಗಳಿಗೆ ಸಾಮಾನ್ಯವಾಗಿ ಒದಗುವ ಗತಿಯೊಂದುಂಟು: ಮುಂದಿನ ಪ್ರೌಢಕೃತಿಗಳ ಪ್ರಭೆಯಲ್ಲಿ ಅವು ಮಂಕಾಗಿ, ಚರಿತ್ರಕಾರನ ಅಡಿಟಿಪ್ಪಣಿಗೆ ಸಂದುಹೋಗುತ್ತವೆ. ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನಿಂದ ಬಂದ ಬೀಟಲ್ಸ್ ಎಂಬ ರಾಕ್ ಗಾಯಕವೃಂದದ ಪಾಡೂ ಇದೇ. 1967ರ 'ಸಾರ್ಜೆಂಟ್ ಪೆಪ್ಪರ್' ಗಾನಮುದ್ರಿಕೆಯನ್ನು ವಿದ್ವಾಂಸರು ಗಂಭೀರವಾಗಿ ಚರ್ಚಿಸುತ್ತಾರೆ. 1962-63ರ ಹಾಡುಗಳನ್ನು ಹುಡುಗಾಟವೆಂದು ಮುಗುಳ್ನಕ್ಕು ಬಿಡುತ್ತಾರೆ. ಈಚೆಗೆ ಆ ಹಾಡುಗಳನ್ನು ಸಾವಧಾನವಾಗಿ ಮತ್ತೆ ಕೇಳಿದ ನನಗೆ ಈ ತೀರ್ಪು ಒಪ್ಪಿಗೆಯಾಗದು.

ಅವರ ಪ್ರಥಮ ಗಾನಮುದ್ರಿಕೆಯ ಹದಿನಾಲ್ಕು ಹಾಡುಗಳಲ್ಲಿ ಹತ್ತನ್ನು 1963ರ ಫೆಬ್ರವರಿ 11ರಂದು, ಲಂಡನ್ನಿನಲ್ಲಿ, ಒಂದೇ ದಿನದಲ್ಲಿ ಮುದ್ರಿಸಲಾಯಿತು. ಅಂದು ಜಾನ್ ಲೆನನ್ನನಿಗೆ ನೆಗಡಿ. ಕಂಠ ಪೂರ್ತಿ ಕೈಕೊಟ್ಟೀತೆಂದು ಅತ್ಯಂತ ಕಠಿಣವಾದ 'ಟ್ವಿಸ್ಟ್ ಅಂಡ್ ಶೌಟ್' ಹಾಡನ್ನು ಕೊನೆಗೆ ಉಳಿಸಿಕೊಂಡರು. ಒಡೆದ ಆ ದನಿಯಲ್ಲಿ ಇಂದಿಗೂ ಜೀವ ತುಡಿಯುತ್ತದೆ. ಇದು ಆಕಸ್ಮಿಕವಲ್ಲ, 1960ರಿಂದ 1962ರವರೆಗೆ ಜರ್ಮನಿಯ ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ರಾತ್ರಿಯೆಲ್ಲ ಹಾಡಿ ಪಡೆದ ಸಾಧನೆ.

ಭಾಷೆಯನ್ನು ಬೋಧಿಸುವವನಾದ ನನ್ನ ಗಮನವನ್ನು ವಿಶೇಷವಾಗಿ ಸೆಳೆದದ್ದು ಅದೇ ವರ್ಷದ ಆಗಸ್ಟಿನಲ್ಲಿ ಹೊರಬಂದ 'ಶೀ ಲವ್ಸ್ ಯೂ'. ಪ್ರೇಮಗೀತದಲ್ಲಿ ಪ್ರಿಯನು ತನ್ನ ಅಳಲನ್ನು ತಾನೇ ತೋಡಿಕೊಳ್ಳುವುದು ವಾಡಿಕೆ. ಇಲ್ಲಿ ಹಾಡುವವನು ಪ್ರಿಯನಲ್ಲ, ಅಗಲಿದ ಇಬ್ಬರ ನಡುವೆ ಮಾತು ಹೊತ್ತು ತರುವ ಗೆಳೆಯ. ನಮ್ಮ ಕಾವ್ಯಗಳಲ್ಲಿ ಸಖಿಯೂ ದೂತಿಯೂ ಮಾಡುವ ಕೆಲಸ ಅವನದು. ಪಲ್ಲವಿಯಲ್ಲಿ ಮೊಳಗುವುದು 'ಯೆಸ್' ಎಂಬ ಶಿಷ್ಟಪದವಲ್ಲ, ಅದರ ಬೀದಿರೂಪ. ಹಾಡು ಕೇಳಿದ ಪಾಲ್ ಮೆಕಾರ್ಟ್ನಿಯ ತಂದೆ, ಅಮೆರಿಕದ ಮಾತು ಈಗಾಗಲೇ ಸಾಕಷ್ಟಿದೆ, 'ಯೆಸ್' ಎಂದೇ ಹಾಡಬಾರದೆ ಎಂದರಂತೆ. ತರುಣರು ಒಪ್ಪಲಿಲ್ಲ. ಗ್ರಾಂಥಿಕವೋ ಆಡುಮಾತೋ ಎಂಬ, ನಮಗೂ ಪರಿಚಿತವಾದ ವ್ಯಾಜ್ಯ ಅಲ್ಲಿ ಮನೆಯೊಳಗೇ ಇತ್ಯರ್ಥವಾಯಿತು.

ಆ ಮಾತಿನ ಹೊಸತನವನ್ನು ಮೊದಲು ಗುರುತಿಸಿದವರಾರು? ಬಹುಮಟ್ಟಿಗೆ ಹದಿಹರೆಯದ ಹುಡುಗಿಯರು. ಹಾಡು 'ನೀನು' ಎಂದಾಗ ಅದು ತಮ್ಮನ್ನೇ ಕರೆಯಿತೆಂದು ಅವರು ಬಗೆದರು. ಹಿರಿಯರು ಅದನ್ನು ಉನ್ಮಾದವೆಂದರು. ಪತ್ರಿಕೆಗಳು 'ಬೀಟಲ್‌ಮೇನಿಯಾ' ಎಂದು ಹೆಸರಿಟ್ಟವು. 1964ರ ಫೆಬ್ರವರಿ 9ರಂದು ಅಮೆರಿಕದಲ್ಲಿ ಸುಮಾರು 7.3 ಕೋಟಿ ಜನ ಅವರನ್ನು ಟೆಲಿವಿಷನ್ನಿನಲ್ಲಿ ನೋಡಿದರು.

ಆದರೆ ಆ ಒಲವೇ ಹಾಡನ್ನು ನುಂಗತೊಡಗಿತು. 1965ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಸೇರಿದ 55,000ಕ್ಕೂ ಮಿಕ್ಕ ಜನರ ಕೂಗಿನಲ್ಲಿ ಹಾಡುವವರಿಗೆ ತಮ್ಮ ದನಿಯೇ ಕೇಳಿಸದಾಯಿತು. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಡಿದ ಮೇಲೆ ಅವರು ಸಂಚಾರವನ್ನು ತೊರೆದು ಸ್ಟುಡಿಯೋ ಸೇರಿದರು. ವಿದ್ವಾಂಸರು ಮೆಚ್ಚುವ ಪ್ರೌಢಕೃತಿಗಳು ಆ ಏಕಾಂತದ ಫಲ. ಅವುಗಳ ಸೂಕ್ಷ್ಮತೆ ದೊಡ್ಡದು, ಸಂದೇಹವಿಲ್ಲ. ಆದರೆ ಎದುರಿಗೆ ನಿಂತ ಕೇಳುಗನನ್ನು ಹೆಸರು ಹಿಡಿದು ಕರೆದಂಥ ಆ ಸಲಿಗೆ ಅವುಗಳಲ್ಲಿ ವಿರಳ.

ಸಹೃದಯನೆಂದರೆ ವಯಸ್ಸಾದವನೇ ಆಗಬೇಕೆಂದು ನಮ್ಮ ಆಲಂಕಾರಿಕರು ಎಲ್ಲಿಯೂ ವಿಧಿಸಿಲ್ಲ. ವಿದ್ಯಾರ್ಥಿಗಳು ತಮಗೆ ಪ್ರಿಯವಾದ ಹಾಡೊಂದನ್ನು ಹೆಸರಿಸಿದಾಗ, ನಗುವ ಮೊದಲು ಅಧ್ಯಾಪಕರಾದ ನಾವು ಅದನ್ನೊಮ್ಮೆ ಕೇಳಿ ನೋಡುವುದು ಲೇಸು.